ಜರ್ನಿಮನ್ ಪ್ರಯಾಣಿಕನಲ್ಲ, ಕನ್ನಡದಲ್ಲಿ ಏನೆನ್ನೋಣ?

ಬಲ್ಲವರಲ್ಲಿ ಒಂದು ವಿಚಾರಣೆ. ಅಮೆರಿಕದ ಮೊದಲ ಕಾರ್ಮಿಕ ಸಂಘಗಳ ಕುರಿತ ಅಧ್ಯಾಯವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಫಿಲಡೆಲ್ಫಿಯಾದಲ್ಲಿ ಬೂಟು ಹೊಲಿಯುವವರು 1794ರಲ್ಲಿ ಕಟ್ಟಿಕೊಂಡ ಸಂಘದ ಹೆಸರಿನಲ್ಲೇ ‘ಜರ್ನಿಮನ್’ ಎಂಬ ಮಾತಿದೆ. ಹಳೆಯ ಅನುವಾದವೊಂದರಲ್ಲಿ ಇದನ್ನು ‘ಸಂಚಾರಿ ಕೆಲಸಗಾರ’ ಎಂದಿರುವುದನ್ನು ಕಂಡು ಸಂಕಟವಾಯಿತು.

ಈ ಪದಕ್ಕೂ ಪ್ರಯಾಣಕ್ಕೂ ಸಂಬಂಧವಿಲ್ಲ. ಫ್ರೆಂಚಿನ ‘ಜುರ್ನೇ’ ಎಂದರೆ ಒಂದು ದಿನ, ಒಂದು ದಿನದ ದುಡಿಮೆ. ಹಾಗಾದರೆ ‘ದಿನಗೂಲಿ’ ಎಂದುಬಿಡೋಣವೇ? ಅದೂ ಹೊಂದುವುದಿಲ್ಲ. ನಮ್ಮಲ್ಲಿ ದಿನಗೂಲಿ ಎಂದರೆ ಕಸಬು ಕಲಿಯದ ಆಳು ಎಂಬ ಅರ್ಥ ತಾನಾಗಿ ಬಂದು ಕೂರುತ್ತದೆ. ಜರ್ನಿಮನ್ ಆದರೋ ವರ್ಷಗಟ್ಟಲೆ ಗುರುವಿನ ಕೈಕೆಳಗೆ ಕಲಿತು ಪಳಗಿದವನು; ಸ್ವಂತ ಅಂಗಡಿ ಮಾತ್ರ ಇಲ್ಲದವನು. ಮೇಲಾಗಿ ಈ ಬೂಟಿನವರಿಗೆ ಕೂಲಿ ಸಿಗುತ್ತಿದ್ದುದು ದಿನದ ಲೆಕ್ಕದಲ್ಲಲ್ಲ, ಜೋಡಿಗಿಷ್ಟು ಎಂದು. ಆ ಜೋಡಿಯ ದರಕ್ಕಾಗಿಯೇ ಅವರು ಕೆಲಸ ನಿಲ್ಲಿಸಿದರು. 1806ರಲ್ಲಿ ನ್ಯಾಯಾಲಯ ಕೂಲಿಗಾಗಿ ಹಾಗೆ ಒಗ್ಗೂಡಿದ್ದನ್ನೇ ಒಳಸಂಚು ಎಂದು ತೀರ್ಮಾನಿಸಿ ಎಂಟು ಮಂದಿಗೆ ತಲಾ 8 ಡಾಲರ್ ದಂಡ ಹಾಕಿತು. ಸಂಘ ಕಟ್ಟುವುದು ತನ್ನಷ್ಟಕ್ಕೆ ಅಪರಾಧವಲ್ಲ ಎಂದು ಮ್ಯಾಸಚೂಸೆಟ್ಸ್‌ನ ಮುಖ್ಯ ನ್ಯಾಯಮೂರ್ತಿ ಲೆಮ್ಯುಯೆಲ್ ಶಾ ತೀರ್ಪು ಕೊಟ್ಟದ್ದು 1842ರಲ್ಲಿ. ಅಲ್ಲಿಯೂ ಕಟಕಟೆ ಹತ್ತಿದ್ದವರು ಬೂಟು ಹೊಲಿಯುವವರೇ. (ಇವರನ್ನು ನಮ್ಮಲ್ಲಿನ ಜಾತಿಯ ಹೆಸರಿನಿಂದ ಕರೆಯಲು ನನಗೆ ಮನಸ್ಸಿಲ್ಲ, ಅಲ್ಲಿ ಅದು ಕಸಬು ಮಾತ್ರ.)

ನನಗೆ ದಾರಿ ತೋರಿಸಿದ್ದು ಮಗ್ಗದ ಮಾತು. ಬೇರೆಯವರ ನೂಲು ಪಡೆದು ಮಜೂರಿಗೆ ನೇಯುವವನನ್ನು ‘ಕೂಲಿ ನೇಕಾರ’ ಎನ್ನುತ್ತೇವೆ. ಅಲ್ಲಿ ‘ಕೂಲಿ’ ಎಂಬುದು ಅವನ ಕೈಚಳಕವನ್ನು ಕಿರಿದು ಮಾಡುವುದಿಲ್ಲ, ಒಡೆತನ ಯಾರದೆಂಬುದನ್ನಷ್ಟೇ ತಿಳಿಸುತ್ತದೆ. ಅದೇ ಜಾಡಿನಲ್ಲಿ ‘ಕೂಲಿ ಕಸಬುದಾರ’ ಎಂದರೆ ಹೇಗೆ? ನನ್ನ ಒಲವು ಇದರ ಕಡೆಗೇ ಇದೆ.

‘ಯೂನಿಯನ್’ ಎಂಬಲ್ಲಿಯೂ ಎಚ್ಚರ ಬೇಕು. 1827ರಲ್ಲಿ ಫಿಲಡೆಲ್ಫಿಯಾದಲ್ಲಿ ‘ಮೆಕ್ಯಾನಿಕ್ಸ್ ಯೂನಿಯನ್’ ಎಂಬ ಹೆಸರಿನಿಂದ ಹುಟ್ಟಿದ್ದು ಹಲವು ಕಸಬುಗಳ ಸಂಘಗಳು ಒಂದುಗೂಡಿದ ಸಂಸ್ಥೆ. ಅದಕ್ಕೆ ‘ಒಕ್ಕೂಟ’ವೇ ಸರಿ. ಅದರ ಹೆಸರಿನಲ್ಲಿರುವ ‘ಮೆಕ್ಯಾನಿಕ್’ ಕೂಡ ಗ್ಯಾರೇಜಿನವನಲ್ಲ, ಕುಶಲಕರ್ಮಿ.

ನಾನು ಸೋತಿರುವುದು ‘ಸ್ಕ್ಯಾಬ್’ ಎಂಬ ಬೈಗುಳದ ಮುಂದೆ. ಸಂಘದ ಕಟ್ಟು ಮೀರಿ ಕೆಲಸಕ್ಕೆ ಹೋದವನನ್ನು ಹಾಗೆ ಹಳಿಯುತ್ತಿದ್ದರು. 1806ರ ವಿಚಾರಣೆಯಲ್ಲೂ ಆ ಮಾತು ಬರುತ್ತದೆ. ಮೂಲಾರ್ಥ ಗಾಯದ ಹಕ್ಕಳೆ. ಆದರೆ ಯಾರನ್ನಾದರೂ ‘ಹಕ್ಕಳೆ’ ಎಂದು ಬೈದರೆ ಕನ್ನಡದಲ್ಲಿ ಅದು ನಾಟುವುದಿಲ್ಲ. ‘ದ್ರೋಹಿ’ ಎಂದರೆ ತೀರಾ ಗಂಭೀರವಾಗುತ್ತದೆ, ಬೀದಿಯ ಖಾರ ಇರುವುದಿಲ್ಲ. ಗಿರಣಿಯಲ್ಲೋ ಕಾರ್ಖಾನೆಯಲ್ಲೋ ಮುಷ್ಕರ ಕಂಡವರು ಈ ಬಳಗದಲ್ಲಿದ್ದರೆ ಕೇಳುತ್ತೇನೆ: ಗೇಟಿನ ಹೊರಗೆ ನಿಂತವರು ಒಳಗೆ ಹೋಗುವವನನ್ನು ಏನೆಂದು ಕೂಗುತ್ತಿದ್ದರು?