ಎಂಆರ್‌ಎನ್‌ಎಯನ್ನು ನ್ಯೂಕ್ಲಿಯಸ್‌ನಿಂದ ಹೊರಗೆ ತಳ್ಳುವುದು ಯಾರು?

ಪ್ರಶ್ನೆ:
ಪಠ್ಯದಲ್ಲಿ ಒಂದೇ ಸಾಲು ಇದೆ, ಎಂಆರ್‌ಎನ್‌ಎ (ಪ್ರೋಟೀನ್ ಕಟ್ಟಲು ಜೀನ್‌ನ ಸಂದೇಶ ಒಯ್ಯುವ ಅಣು) ನ್ಯೂಕ್ಲಿಯಸ್ ಪೊರೆಯ ರಂಧ್ರದ ಮೂಲಕ ಸೈಟೋಪ್ಲಾಸಂಗೆ ಹೋಗುತ್ತದೆ ಅಂತ. ಹೋಗುತ್ತದೆ ಅಂದರೆ ಹೇಗೆ, ಅದಕ್ಕೇನು ಕಾಲಿದೆಯಾ? ಸುಮ್ನೆ ತೇಲಿಕೊಂಡು ಹೋಗುವುದಾದರೆ ವಾಪಸ್ ಒಳಗೂ ಬರಬಹುದಲ್ವಾ? ಮೇಷ್ಟ್ರನ್ನು ಕೇಳಿದರೆ ಪರೀಕ್ಷೆಗೆ ಅಷ್ಟು ಸಾಕು ಅಂದರು.

ಉತ್ತರ 1:
ರಂಧ್ರದವರೆಗೆ ಎಳೆಯುವವರು ಯಾರೂ ಇಲ್ಲ. ಇಂಟ್ರಾನ್ ಅನ್ನುವ ಬೇಡದ ತುಂಡುಗಳನ್ನು ಕತ್ತರಿಸಿ, ಮುಂದಿನ ತುದಿಗೆ ಕ್ಯಾಪ್ ಅನ್ನುವ ಟೋಪಿ, ಹಿಂದೆ ಪಾಲಿ-ಎ ಬಾಲ ಸೇರಿದ ಮೇಲೆ ಎಂಆರ್‌ಎನ್‌ಎ ಅಲ್ಲಿ ಇಲ್ಲಿ ಅಲೆದು ಒಂದು ರಂಧ್ರಕ್ಕೆ ಬಂದು ತಗುಲುತ್ತದೆ. ಆದರೆ ಒಂಟಿಯಾಗಿ ದಾಟಲು ಆಗುವುದಿಲ್ಲ. ಅದು ಖಾಲಿ ತೂತು ಅಲ್ಲ. ಸುಮಾರು 30 ಬಗೆಯ ಪ್ರೋಟೀನ್‌ಗಳಿಂದ ಕಟ್ಟಿದ್ದು, ನಡುವೆ ದಾರದ ಸಿಕ್ಕಿನ ಹಾಗೆ ಎಳೆಗಳು ತುಂಬಿಕೊಂಡಿರುತ್ತವೆ, ದೊಡ್ಡ ಅಣುಗಳನ್ನು ಸುಲಭಕ್ಕೆ ಬಿಡುವುದಿಲ್ಲ. ಎನ್‌ಎಕ್ಸ್‌ಎಫ್1 ಅನ್ನುವ ಪ್ರೋಟೀನ್‌ಗೆ ಈ ಎಳೆಗಳ ಜೊತೆ ಸಲುಗೆ ಇದೆ. ಒಂದಕ್ಕೆ ಅಂಟಿಕೊಳ್ಳುತ್ತದೆ, ತಕ್ಷಣ ಬಿಡುತ್ತದೆ, ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಹೀಗೆ ತಾನು ಹಿಡಿದುಕೊಂಡಿರುವ ಎಂಆರ್‌ಎನ್‌ಎಯನ್ನೂ ಜೊತೆಗೆ ದಾಟಿಸುತ್ತದೆ.

ಉತ್ತರ 2:
ವಾಪಸ್ ಬರುವ ಮಾತು ಸರಿಯಾಗಿಯೇ ಕೇಳಿದ್ದೀರಿ. ರಂಧ್ರದೊಳಗೆ ಅದು ನಿಜಕ್ಕೂ ಹಿಂದೆ ಮುಂದೆ ಓಲಾಡುತ್ತದೆ. ದಿಕ್ಕು ಗಟ್ಟಿಯಾಗುವುದು ಹೊರಬಾಯಲ್ಲಿ. ಅಲ್ಲಿ ಡಿಬಿಪಿ5 ಅನ್ನುವ ಕಿಣ್ವ ಕಾದು ಕೂತಿರುತ್ತದೆ. ಎಟಿಪಿ (ಕೋಶಕ್ಕೆ ಶಕ್ತಿ ಕೊಡುವ ಅಣು) ಖರ್ಚು ಮಾಡಿ ಎನ್‌ಎಕ್ಸ್‌ಎಫ್1 ಅನ್ನು ಎಂಆರ್‌ಎನ್‌ಎ ಮೈಯಿಂದ ಕಳಚಿ ಹಾಕುತ್ತದೆ. ಜೊತೆಗಾರ ಹೋದ ಮೇಲೆ ಆ ಸಿಕ್ಕಿನೊಳಗೆ ಮತ್ತೆ ನುಗ್ಗಲು ಆಗುವುದಿಲ್ಲ. ಅಂದರೆ ತಳ್ಳುವುದಕ್ಕಲ್ಲ, ತಡೆಯುವುದಕ್ಕೆ ಶಕ್ತಿ ಖರ್ಚಾಗುತ್ತದೆ.

ಉತ್ತರ 3:
ರಾನ್ ಅನ್ನುವ ಪ್ರೋಟೀನ್ ದಿಕ್ಕು ತೋರಿಸುತ್ತದೆ ಅಂತ ಓದಿದ ನೆನಪು?

ಉತ್ತರ 2:
ಅದು ಟಿಆರ್‌ಎನ್‌ಎ (ಅಮೈನೋ ಆಮ್ಲ ಹೊತ್ತು ತರುವ ಆರ್‌ಎನ್‌ಎ) ಮತ್ತು ಎಷ್ಟೋ ಪ್ರೋಟೀನ್‌ಗಳ ದಾರಿ. ಹೆಚ್ಚಿನ ಎಂಆರ್‌ಎನ್‌ಎಗಳಿಗೆ ರಾನ್ ನೇರವಾಗಿ ಬೇಕಿಲ್ಲ. ಎರಡನ್ನೂ ಬೆರೆಸಿ ಬರೆಯುವವರು ಜಾಸ್ತಿ, ಅದಕ್ಕೇ ಈ ಗೊಂದಲ.

ಉತ್ತರ 1:
ಇನ್ನೊಂದು ಹೇಳಲೇಬೇಕು. ಕೈರೋನೊಮಸ್ ಅನ್ನುವ ನೊಣದ ಮರಿಹುಳುವಿನ ಜೊಲ್ಲುಗ್ರಂಥಿಯಲ್ಲಿ ಒಂದು ಭಾರಿ ಎಂಆರ್‌ಎನ್‌ಎ ಇದೆ, ಪ್ರೋಟೀನ್ ಸಮೇತ ಸುಮಾರು 50 ನ್ಯಾನೋಮೀಟರ್ ಅಗಲದ ಉಂಡೆ. ಅದು ರಂಧ್ರದ ಹತ್ತಿರ ಬಂದು ಬಿಚ್ಚಿಕೊಂಡು, ಸೂಜಿಗೆ ದಾರ ಪೋಣಿಸಿದ ಹಾಗೆ, ಕ್ಯಾಪ್ ಇರುವ ತುದಿ ಮೊದಲು ನುಸುಳುವುದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರಗಳಲ್ಲಿ ಕಾಣುತ್ತದೆ. ಬಾಲ ಇನ್ನೂ ಒಳಗಿರುವಾಗಲೇ ಹೊರಗೆ ಪ್ರೋಟೀನ್ ಕಟ್ಟುವ ರೈಬೋಸೋಮ್‌ಗಳು ಹತ್ತಿ ಕೆಲಸ ಶುರು ಮಾಡಿರುತ್ತವೆ!

ಪ್ರಶ್ನೆ ಕೇಳಿದವರು:
ಅಬ್ಬಾ. ದಾಟಲು ಎಷ್ಟು ಹೊತ್ತು ಹಿಡಿಯುತ್ತದೆ?

ಉತ್ತರ 2:
2010ರಲ್ಲಿ ಜೀವಂತ ಕೋಶದಲ್ಲಿ ಬೀಟಾ-ಆಕ್ಟಿನ್ ಎಂಆರ್‌ಎನ್‌ಎಯನ್ನು ಒಂದೊಂದಾಗಿ ಹಿಂಬಾಲಿಸಿ ನೋಡಿದಾಗ ಒಟ್ಟು ಸುಮಾರು 180 ಮಿಲಿಸೆಕೆಂಡ್ ಸಿಕ್ಕಿತು. ಅದರಲ್ಲಿ ನಿಜಕ್ಕೂ ದಾಟುವುದು 5ರಿಂದ 20 ಮಿಲಿಸೆಕೆಂಡ್. ಉಳಿದದ್ದೆಲ್ಲ ಎರಡೂ ಬಾಯಲ್ಲಿ ಕಾಯುವ ಹೊತ್ತು.