ಬಂದರಿಗೆ ಬರುವ ಎಲ್ಲ ಕಂಟೈನರ್‌ಗಳನ್ನೂ ಯಾಕೆ ಸ್ಕ್ಯಾನ್ ಮಾಡುವುದಿಲ್ಲ?

ನವೀನ_ಕೆ:
2021ರಲ್ಲಿ ಮುಂದ್ರಾ ಬಂದರಿನಲ್ಲಿ ಎರಡು ಕಂಟೈನರ್‌ಗಳಿಂದ ಸುಮಾರು 3,000 ಕಿಲೋ ಹೆರಾಯಿನ್ ಹಿಡಿದರು. ಕಾಗದದಲ್ಲಿ ಇದ್ದದ್ದು ಟಾಲ್ಕ್ ಕಲ್ಲು. ಯಂತ್ರಗಳಿವೆ, ನಾಯಿಗಳಿವೆ. ಬಂದ ಪ್ರತಿ ಕಂಟೈನರನ್ನೂ ಎಕ್ಸ್‌ರೇಗೆ ಹಾಕಿದರೆ ಮುಗಿಯಿತಲ್ವಾ? ಅಡ್ಡ ಬರುತ್ತಿರುವುದು ದುಡ್ಡೋ, ಸಮಯವೋ?

ಸ್ಕ್ಯಾನ್_ಕೊಠಡಿ:
ಬಂದರಿನಲ್ಲಿ ಸ್ಕ್ಯಾನ್ ಚಿತ್ರಗಳನ್ನು ನೋಡುವ ಕೆಲಸ ಮಾಡಿದವನು ನಾನು. ಯಂತ್ರ ‘ಇದು ಡ್ರಗ್ಸ್’ ಎಂದು ಹೇಳುವುದೇ ಇಲ್ಲ. ಅದು ತೋರಿಸುವುದು ಒಳಗಿನ ವಸ್ತು ಎಷ್ಟು ದಟ್ಟ, ಯಾವ ಆಕಾರ ಅನ್ನುವುದನ್ನು. ಹೊಸ ಯಂತ್ರಗಳು ಲೋಹಕ್ಕೆ ಒಂದು ಬಣ್ಣ, ಸಾವಯವ ವಸ್ತುವಿಗೆ ಇನ್ನೊಂದು ಬಣ್ಣ ಕೊಡುತ್ತವೆ. ಆದರೆ ಸಕ್ಕರೆ, ಕಾಫಿ, ಬಾಳೆಹಣ್ಣು, ಕೊಕೇನ್ ಎಲ್ಲವೂ ಸಾವಯವವೇ!

ಸಾಲಾಗಿ ಜೋಡಿಸಿದ ಒಂದೇ ತರಹದ ಪೆಟ್ಟಿಗೆಗಳ ನಡುವೆ ಬೇರೆ ಏನೋ ಇದ್ದರೆ ಕಣ್ಣಿಗೆ ಬೀಳುತ್ತದೆ. ಗುಜರಿ ಲೋಹ ತುಂಬಿದ್ದರೆ ಬಹಳ ಕಷ್ಟ, ಚಿತ್ರವೆಲ್ಲ ಕಪ್ಪು. ಶೈತ್ಯ ಕಂಟೈನರ್‌ಗಳಲ್ಲಿ ಕಂಪ್ರೆಸರ್ ಇರುವ ಭಾಗವೂ ಹಾಗೆಯೇ. 2020ರಲ್ಲಿ ಇಟಲಿಯ ಸಲೆರ್ನೊ ಬಂದರಿನಲ್ಲಿ ಸಿಕ್ಕ 14 ಟನ್ ಕ್ಯಾಪ್ಟಗಾನ್ ಎಂಬ ಮಾದಕ ಮಾತ್ರೆಗಳನ್ನು ದೊಡ್ಡ ದೊಡ್ಡ ಕಾಗದದ ಸುರುಳಿಗಳ ಒಳಪದರಗಳಲ್ಲಿ ಇಟ್ಟಿದ್ದರು. ಹೊರಪದರಗಳು ಎಷ್ಟು ದಪ್ಪ ಇದ್ದವೆಂದರೆ ಸ್ಕ್ಯಾನರ್‌ಗೆ ಕಾಣುವಂತಿರಲಿಲ್ಲ.

ಇನ್ನು ಸಮಯ. ದೊಡ್ಡ ಹಡಗೊಂದು 20 ಅಡಿ ಲೆಕ್ಕದಲ್ಲಿ 24,000 ಕಂಟೈನರ್ ಹೊರುತ್ತದೆ. ತನ್ನ ದೇಶಕ್ಕೆ ಬರುವ ಎಲ್ಲವನ್ನೂ 2012ರೊಳಗೆ, ಹೊರಡುವ ಬಂದರಿನಲ್ಲೇ ಸ್ಕ್ಯಾನ್ ಮಾಡಬೇಕು ಎಂದು ಅಮೆರಿಕ 2007ರಲ್ಲೇ ಕಾನೂನು ಮಾಡಿತು. ಆಮೇಲೆ ಗಡುವು ಮುಂದೂಡುತ್ತಲೇ ಬಂದರು.

ನವೀನ_ಕೆ:
ಹಾಗಾದರೆ ಯಾವುದನ್ನು ತೆಗೆದು ನೋಡಬೇಕು ಅಂತ ಹೇಗೆ ತಿಳಿಯುತ್ತದೆ ಸರ್?

ಸ್ಕ್ಯಾನ್_ಕೊಠಡಿ:
ಕಾಗದಪತ್ರಗಳಿಂದ. ಯಾವತ್ತೂ ಆ ಮಾಲು ತರಿಸದ ಕಂಪನಿ, ಮಾಲಿನ ಬೆಲೆಗಿಂತ ಸಾಗಣೆ ಖರ್ಚೇ ಜಾಸ್ತಿ, ಅರ್ಥವಿಲ್ಲದ ಸುತ್ತುದಾರಿ. 2021ರಲ್ಲಿ ಹ್ಯಾಂಬರ್ಗ್‌ನಲ್ಲಿ 16 ಟನ್ ಕೊಕೇನ್ ಗೋಡೆಯ ಬಿರುಕು ತುಂಬುವ ಪುಟ್ಟಿಯ ಡಬ್ಬಿಗಳಲ್ಲಿ ಸಿಕ್ಕಿತಲ್ಲ, ಪರಾಗ್ವೆಯಿಂದ ಬಂದ ಆ ಕಂಟೈನರ್‌ಗಳನ್ನು ಅಧಿಕಾರಿಗಳು ಮೊದಲು ಆರಿಸಿದ್ದು ಹೀಗೆಯೇ. ಸ್ಕ್ಯಾನ್ ಆಮೇಲಿನ ಮಾತು. ನನ್ನನ್ನು ಕೇಳಿದರೆ ಇನ್ನೊಂದು ಯಂತ್ರಕ್ಕಿಂತ ಕಾಗದ ಓದಬಲ್ಲ ನಾಲ್ಕು ಜನ ಮೇಲು.

ಸರಕು_ಸುಮಾ:
ಕಾಗದ ಸರಿ ಇದ್ದರೂ ಮೋಸ ಆಗುತ್ತದೆ. ನಾನು ಆಮದು ವಿಭಾಗದಲ್ಲಿದ್ದೇನೆ. ಕಳ್ಳಸಾಗಣೆದಾರರು ಪ್ರಾಮಾಣಿಕರ ಕಂಟೈನರ್‌ನ ಬಾಗಿಲ ಹತ್ತಿರವೇ ಡ್ರಗ್ಸ್ ಚೀಲ ಇಟ್ಟು, ನಕಲಿ ಸೀಲ್ (ಬಾಗಿಲಿಗೆ ಹಾಕುವ, ನಂಬರ್ ಇರುವ ಬೀಗದಂಥದ್ದು) ಹಾಕಿ ಕಳಿಸುತ್ತಾರೆ. ಇಳಿಯುವ ಬಂದರಿನಲ್ಲಿ ಅವರ ಜನ ಚೀಲ ಎತ್ತಿಕೊಂಡು ಹೋಗುತ್ತಾರೆ. ಮಾಲಿನ ಒಡೆಯರಿಗೆ ಗೊತ್ತೇ ಇರುವುದಿಲ್ಲ. ಸಿಕ್ಕಿಬಿದ್ದರೆ ಮೊದಲು ವಿಚಾರಣೆಗೆ ಕರೆಯುವುದು ಅವರನ್ನೇ. ನಮ್ಮ ಒಂದು ಕಂಟೈನರ್ ಸೀಲ್ ನಂಬರ್ ಹೊಂದಲಿಲ್ಲ ಅಂತ ನಿಂತುಬಿಟ್ಟಿತು. ಒಳಗೆ ಏನೂ ಸಿಗಲಿಲ್ಲ, ಆದರೆ ಹಣ್ಣೆಲ್ಲ ಹಾಳಾಯಿತು.

ಸ್ಕ್ಯಾನ್_ಕೊಠಡಿ:
ಸುಮಾ ಅವರು ಹೇಳಿದ್ದೇ ನನಗೆ ಎಲ್ಲಕ್ಕಿಂತ ಸಂಕಟದ ವಿಷಯ. ಬಂದರಿನ ಒಳಗಿನವರೇ ಕೈಜೋಡಿಸಿದರೆ ಯಾವ ಯಂತ್ರ ಏನು ಮಾಡುತ್ತದೆ? ಕಂಟೈನರ್ ಬಿಡಿಸಿಕೊಳ್ಳುವ ಪಿನ್ ಕೋಡ್‌ಗಳನ್ನೇ ಕದ್ದು ಮಾರುತ್ತಿದ್ದಾರೆ ಎಂದು ಯುರೋಪಿಯನ್ ಒಕ್ಕೂಟದ ಪೊಲೀಸ್ ಸಂಸ್ಥೆ ಯೂರೋಪೋಲ್ 2023ರಲ್ಲಿ ಎಚ್ಚರಿಸಿತ್ತು. ಅದೇ ವರ್ಷ ಬೆಲ್ಜಿಯಂನ ಆಂಟ್ವರ್ಪ್ ಬಂದರು ಒಂದರಲ್ಲೇ 116 ಟನ್ ಕೊಕೇನ್ ಸಿಕ್ಕಿತು. ಕ್ರೇನ್ ನಡೆಸುವವನಿಗೆ, ಯಾರ್ಡ್ ಕಾರ್ಮಿಕನಿಗೆ ಮೊದಲು ದುಡ್ಡಿನ ಆಸೆ ತೋರಿಸುತ್ತಾರೆ, ಆಮೇಲೆ ಮನೆಯವರ ಹೆಸರು ಹೇಳಿ ಹೆದರಿಸುತ್ತಾರೆ. ಈ ಕಾರ್ಮಿಕರಿಗೆ ರಕ್ಷಣೆ ಬೇಕು.

ಸುಮಾ ಅವರೇ, ಮಾಲು ತುಂಬಿ ಬಾಗಿಲು ಹಾಕಿದ ಕೂಡಲೇ ಸೀಲ್‌ನ ಫೋಟೋವನ್ನು ನಂಬರ್ ಕಾಣುವ ಹಾಗೆ ತೆಗೆದು ಕಳಿಸಲು ಅಲ್ಲಿನವರಿಗೆ ಹೇಳಿ. ವಿಚಾರಣೆ ಬಂದಾಗ ಅದು ನಿಮ್ಮ ಕಡೆಯ ಸಾಕ್ಷಿ.