ಎರಡು ದಿನ ಮೈಸೂರು: ಅಮ್ಮನನ್ನು ಎಲ್ಲಿಗೆ, ಎಷ್ಟು ಹೊತ್ತಿಗೆ ತಿಂಡಿಗೆ ಕರೆದುಕೊಂಡು ಹೋಗಲಿ?

ತುಂಗೆಯ ದಡದವ:

ಎಲ್ಲರಿಗೂ ನಮಸ್ಕಾರ. ಮುಂದಿನ ಶನಿವಾರ ಮಧ್ಯಾಹ್ನ ಶಿವಮೊಗ್ಗದಿಂದ ಅಮ್ಮನನ್ನು ಕರೆದುಕೊಂಡು ಮೈಸೂರಿಗೆ ಬರುತ್ತಿದ್ದೇನೆ. ಸೋಮವಾರ ಸಂಜೆ ವಾಪಸ್. ಅಮ್ಮನಿಗೆ 68 ವರ್ಷ. ಮಂಡಿ ನೋವು, ಜಾಸ್ತಿ ಹೊತ್ತು ನಿಲ್ಲೋಕೆ ಆಗುವುದಿಲ್ಲ. ಶುಗರ್ ಇದೆ. ಹತ್ತು ವರ್ಷದಿಂದ ಮಾಂಸ ಬಿಟ್ಟಿದ್ದಾರೆ. ಕಾಫಿ ಮಾತ್ರ ಬಿಟ್ಟಿಲ್ಲ. ಜೊತೆಗೆ ನನ್ನ ಭಾವಮೈದ ಬರುತ್ತಾನೆ, ಅವನಿಗೆ ಒಂದು ಹೊತ್ತಾದರೂ ಮಟನ್ ಬೇಕು.

ಅಮ್ಮ ಮದುವೆಗೆ ಮುಂಚೆ ಮೈಸೂರಿನಲ್ಲಿ ಟಿಸಿಎಚ್ (ಶಿಕ್ಷಕರ ತರಬೇತಿ) ಓದಿದವರು. ನಜರ್‌ಬಾದಿನಲ್ಲಿ ಗೆಳತಿಯರ ಜೊತೆ ಮೆತ್ತನೆ ದೋಸೆ ತಿಂದಿದ್ದನ್ನು ಇವತ್ತಿಗೂ ಹೇಳುತ್ತಾರೆ. ದೋಸೆ ಮೇಲೆ ಬೆಣ್ಣೆ ಇತ್ತಂತೆ. ಆಮೇಲೆ ಒಂದು ಸಲವೂ ಅಲ್ಲಿಗೆ ಹೋಗಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ಅದೇ ಹತ್ತು ಹೆಸರು, ಅದೇ ನಕ್ಷತ್ರಗಳು. ಊರಿನವರು ಯಾರಾದರೂ ಹೇಳಿ, ಎರಡು ದಿನವನ್ನು ಹೇಗೆ ಹೊಂದಿಸಿಕೊಳ್ಳಲಿ?

ಅಗ್ರಹಾರದ ಮಗಳು:

ನಮಸ್ಕಾರ. ನಾನು ಹುಟ್ಟಿ ಬೆಳೆದಿದ್ದು ಅಗ್ರಹಾರದಲ್ಲಿ, ಈಗ ಇರುವುದು ಕುವೆಂಪುನಗರದಲ್ಲಿ. ಊರಿಗೆ ಬಂದ ನೆಂಟರನ್ನೆಲ್ಲ ತಿಂಡಿಗೆ ಕರೆದುಕೊಂಡು ಹೋಗುವ ಕೆಲಸ ನಮ್ಮ ಮನೆಯಲ್ಲಿ ನನ್ನದೇ. ಅದಕ್ಕೇ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಹೋಟೆಲ್ ಹೆಸರು ಆಮೇಲೆ, ಗಡಿಯಾರ ಮೊದಲು. ಎಷ್ಟೇ ಹೆಸರಾದ ಜಾಗಕ್ಕೂ ಹೊತ್ತು ತಪ್ಪಿ ಹೋದರೆ "ಇಷ್ಟೇನಾ" ಅನ್ನಿಸುತ್ತದೆ. ಸರಿಯಾದ ಹೊತ್ತಿಗೆ ಹೋದರೆ ಹೆಸರಿಲ್ಲದ ತಳ್ಳುಗಾಡಿಯೂ ನೆನಪಿನಲ್ಲಿ ಉಳಿಯುತ್ತದೆ.

ನಿಮ್ಮ ಅಮ್ಮ ಹೇಳುತ್ತಿರುವುದು ಮೈಲಾರಿ ದೋಸೆಯೇ ಇರಬೇಕು. ನಜರ್‌ಬಾದಿನ ಒಂದೇ ರಸ್ತೆಯಲ್ಲಿ ಮೈಲಾರಿ ಹೆಸರಿನ ಎರಡು ಹೋಟೆಲ್ ಇವೆ. ಯಾವುದು ಮೊದಲಿನದು ಅಂತ ಊರಿನವರು ಇನ್ನೂ ವಾದ ಮಾಡುತ್ತಾರೆ. ನೀವು ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಕೂರಲು ಜಾಗ ಎಲ್ಲಿ ಬೇಗ ಸಿಗುತ್ತದೋ ಅಲ್ಲಿಗೆ ಹೋಗಿ. ಜಾಗ ಚಿಕ್ಕದು. ಗುರುತಿಲ್ಲದವರ ಜೊತೆ ಒಂದೇ ಟೇಬಲ್ಲಿನಲ್ಲಿ ಕೂರಬೇಕಾಗುತ್ತದೆ. ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ಕಾರು ತುಂಬ ಜನ ಬರುತ್ತಾರೆ, ಬಾಗಿಲ ಹೊರಗೆ ನಿಂತು ಕಾಯಬೇಕು. ಮಂಡಿ ನೋವಿನವರಿಗೆ ಅದು ಬೇಡ. ಸೋಮವಾರ ಇಟ್ಟುಕೊಳ್ಳಿ, ಏಳೂವರೆ ಒಳಗೆ ತಲುಪಿ.

ಆ ದೋಸೆ ಹೆಂಚಿನಿಂದ ಎಲೆಗೆ ಬಂದ ಕೂಡಲೇ ತಿನ್ನಬೇಕು. ತೆಳ್ಳಗೆ, ಬಟ್ಟೆಯ ಹಾಗೆ ಮಡಚಿಕೊಂಡಿರುತ್ತದೆ. ಮೇಲೆ ಬೆಣ್ಣೆ, ಪಕ್ಕದಲ್ಲಿ ಕಾಯಿ ಚಟ್ನಿ. ಬೆಣ್ಣೆ ಅಂಚಿನ ಕಡೆ ಕರಗಿ ಇಳಿಯುತ್ತಿರುವಾಗಲೇ ಮೊದಲ ತುತ್ತು ಮುರಿಯಿರಿ. ಮಸಾಲೆ ತೆಗೆದುಕೊಂಡರೆ ಒಳಗೆ ಆಲೂಗಡ್ಡೆ ಪಲ್ಯದ ಬದಲು ಸಾಗು ಇರುತ್ತದೆ. ಫೋಟೋ ತೆಗೆಯುತ್ತ ಎರಡು ನಿಮಿಷ ಬಿಟ್ಟರೆ ಬೆಣ್ಣೆ ಎಲ್ಲ ದೋಸೆಯೊಳಗೆ ಹೋಗಿ ದೋಸೆ ಒದ್ದೆಯಾಗುತ್ತದೆ. ಬೆಳಿಗ್ಗೆ ಬೇಗ ಹೋಗಿ ಅನ್ನುವುದಕ್ಕೆ ಜನಸಂದಣಿ ಒಂದೇ ಕಾರಣವಲ್ಲ. ದೋಸೆ ಹಿಟ್ಟನ್ನು ಹಿಂದಿನ ದಿನ ರುಬ್ಬಿಟ್ಟರೆ ರಾತ್ರಿಯೆಲ್ಲ ಹುದುಗು ಬರುತ್ತದೆ, ಬೆಳಗಿನ ಹೊತ್ತಿಗೆ ಹದ. ಬಿಸಿಲು ಏರಿದ ಹಾಗೆ ಹುಳಿಯೂ ಏರುತ್ತದೆ. ಇದು ಮನೆಯಲ್ಲೂ ಹಾಗೇ ಅಲ್ವಾ?

ತಿಂಡಿ ಮುಗಿದ ಮೇಲೆ ಮೃಗಾಲಯ ಹತ್ತಿರವೇ. ಅಮ್ಮನಿಗೆ ನಡೆಯಲು ಆಗದಿದ್ದರೆ ಒಳಗೆ ಬ್ಯಾಟರಿ ಗಾಡಿ ಸಿಗುತ್ತದೆ. ಇಲ್ಲದಿದ್ದರೆ ಪಕ್ಕದಲ್ಲೇ ಕಾರಂಜಿ ಕೆರೆ. ನೆರಳಲ್ಲಿ ಸುಮ್ನೆ ಕೂತು ಬನ್ನಿ.

ಈಗ ಶನಿವಾರ ಸಂಜೆ. ಊರು ತಲುಪಿ ಸ್ವಲ್ಪ ಮಲಗಿ ಎದ್ದ ಮೇಲೆ ಚುರುಮುರಿ. ಮೈಸೂರಿನ ಚುರುಮುರಿಗೆ ನಾನು ಯಾವ ಗಾಡಿಯ ಹೆಸರೂ ಹೇಳುವುದಿಲ್ಲ. ಐದೂವರೆಯಿಂದ ಏಳರ ಒಳಗೆ ಜನ ಸುತ್ತ ನಿಂತಿರುವ ಯಾವ ಗಾಡಿಯಾದರೂ ಆಯಿತು. ಕ್ಯಾರೆಟ್ ಅಲ್ಲೇ ತುರಿಯುತ್ತಿದ್ದಾರಾ ಅಂತ ಮಾತ್ರ ನೋಡಿ. ಮುಂಚೆಯೇ ತುರಿದು ಇಟ್ಟಿದ್ದರೆ ಅದು ನೀರು ಬಿಟ್ಟು ಪುರಿಯನ್ನು ಮೆತ್ತಗೆ ಮಾಡಿಬಿಡುತ್ತದೆ. ನಮ್ಮ ಬೀದಿ ತಿರುವಿನಲ್ಲಿ ಒಬ್ಬರು ಸ್ಟೀಲ್ ಡಬರಿಯನ್ನು ಎಡಗೈಯಲ್ಲಿ ಓರೆ ಹಿಡಿದು ಕಲಸುತ್ತಾರೆ. ಮೊದಲು ಈರುಳ್ಳಿ, ಟೊಮ್ಯಾಟೊ, ಕ್ಯಾರೆಟ್, ಕೊತ್ತಂಬರಿ. ಅದರ ಮೇಲೆ ಖಾರ, ಉಪ್ಪು, ಒಂದು ಸಣ್ಣ ಚಮಚ ಕೊಬ್ಬರಿ ಎಣ್ಣೆ, ನಿಂಬೆಹಣ್ಣು. ಇದೆಲ್ಲ ಬೆರೆತ ಮೇಲೆಯೇ ಪುರಿ ಹಾಕುತ್ತಾರೆ. ಆಮೇಲೆ ಚಮಚ ಡಬರಿಗೆ ತಾಗಿ ಟಕಟಕ ಅನ್ನುವುದು ಏಳೆಂಟು ಸಲ ಅಷ್ಟೇ. ಕೊನೆಗೆ ಒಂದು ನಿಪ್ಪಟ್ಟನ್ನು ಅಂಗೈಯಲ್ಲಿ ಪುಡಿ ಮಾಡಿ ಉದುರಿಸುತ್ತಾರೆ. ಪೊಟ್ಟಣ ಕೈಗೆ ಬಂದ ಮೇಲೆ ನಿಮಗಿರುವುದು ಐದು ನಿಮಿಷ. ಪಾರ್ಸೆಲ್ ಮಾತ್ರ ಬೇಡವೇ ಬೇಡ. ಅಮ್ಮನಿಗೆ ಖಾರ ಕಮ್ಮಿ ಅಂತ ಮುಂಚೆಯೇ ಹೇಳಿ.

ಭಾನುವಾರ ಸಂಜೆ ಏಳಕ್ಕೆ ಅರಮನೆಗೆ ದೀಪ ಹಾಕುತ್ತಾರೆ. ಆರೂಮುಕ್ಕಾಲಿಗೆ ಹೋಗಿ ಅಮ್ಮನಿಗೆ ಕೂರಲು ಒಂದು ಜಾಗ ಹಿಡಿಯಿರಿ. ಊಟ ಆಮೇಲೆ.

ಇನ್ನು ಕಾಫಿ. ಎಷ್ಟೋ ಹೋಟೆಲ್‌ಗಳಲ್ಲಿ ಸಕ್ಕರೆ ಮೊದಲೇ ಬೆರೆಸಿಟ್ಟಿರುತ್ತಾರೆ. ಟೋಕನ್ ತೆಗೆದುಕೊಳ್ಳುವಾಗ "ಶುಗರ್‌ಲೆಸ್, ಸ್ಟ್ರಾಂಗ್" ಅಂದರೆ ಸಾಲದು. ಕಾಫಿ ಕೊಡುವವರ ಹತ್ತಿರ ಇನ್ನೊಂದು ಸಲ ಹೇಳಿ. ಅಮ್ಮನಿಗೆ ಎರಡು ಸಲ ಕುಡಿಯುವ ಆಸೆ ಇದ್ದರೆ ಬೈ ಟು ಹೇಳಿಬಿಡಿ, ಅರ್ಧ ನಿಮಗೆ.

ಮೈಸೂರು ಪಾಕ್ ಕೊನೆಗೆ ಇಟ್ಟುಕೊಳ್ಳಿ, ಸೋಮವಾರ ಮಧ್ಯಾಹ್ನ, ಊರಿಗೆ ಹೊರಡುವ ಮುಂಚೆ. ಸಯ್ಯಾಜಿರಾವ್ ರಸ್ತೆಯ ಗುರು ಸ್ವೀಟ್ ಮಾರ್ಟ್. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆ ಅಡುಗೆಮನೆಯಲ್ಲಿದ್ದ ಕಾಕಾಸುರ ಮಾದಪ್ಪನವರ ಮನೆತನದವರು ಈಗಲೂ ನಡೆಸುತ್ತಿರುವ ಅಂಗಡಿ. ಕಡಲೆ ಹಿಟ್ಟು, ಸಕ್ಕರೆ, ತುಪ್ಪ, ಇಷ್ಟೇ ಸಾಮಾನು. ಅಂಗಡಿ ಸಣ್ಣದು, ನಿಂತೇ ತೆಗೆದುಕೊಳ್ಳಬೇಕು. ಅಮ್ಮನನ್ನು ಆಟೋದಲ್ಲೇ ಕೂರಿಸಿ.

ಒಂದು ಸಲ ನನಗೆ ಮೋಸ ಆಯಿತು. ಅಕ್ಕನ ಮಗಳ ನಿಶ್ಚಿತಾರ್ಥಕ್ಕೆ ಬೇರೆ ಒಂದು ಅಂಗಡಿಯಲ್ಲಿ ಮೂರು ಕೆಜಿ ಮೈಸೂರು ಪಾಕ್ ತಂದೆ, ರುಚಿ ನೋಡದೆ. ಮನೆಯಲ್ಲಿ ಬಾಯಿಗೆ ಹಾಕಿದರೆ ಅಂಗುಳಿಗೆ ಮೇಣದ ಹಾಗೆ ಅಂಟಿಕೊಂಡಿತು. ಅದು ಡಾಲ್ಡಾ. ತುಪ್ಪದ್ದಾದರೆ ನಾಲಿಗೆಯ ಬಿಸಿಗೇ ಕರಗಿಹೋಗುತ್ತದೆ. ಅವತ್ತು ಗಂಡಿನ ಕಡೆಯವರ ಮುಂದೆ ತಟ್ಟೆ ಇಡುವಾಗ ಅಕ್ಕನ ಮುಖ ನೋಡಲಾಗಲಿಲ್ಲ. ಅವತ್ತಿನಿಂದ ಎಲ್ಲೇ ಆಗಲಿ, ಒಂದು ಚೂರು ಬಾಯಿಗೆ ಹಾಕಿಕೊಂಡ ಮೇಲೆಯೇ ತೂಕ ಮಾಡಿಸುತ್ತೇನೆ. ನೀವೂ ಕೇಳಿ, ಒಳ್ಳೆ ಅಂಗಡಿಯವರು ಇಲ್ಲ ಅನ್ನುವುದಿಲ್ಲ.

ಭಾವಮೈದನ ಮಟನ್ ವಿಷಯ ನನಗೆ ಗೊತ್ತಿಲ್ಲ. ತಿಳಿದವರು ಹೇಳಲಿ.

ಮಂಡಿ ಮೊಹಲ್ಲಾದಿಂದ:

ಅಕ್ಕ ಹೇಳಿದ ಗಡಿಯಾರದ ಮಾತು ಮಟನ್‌ಗೂ ಸರಿ. ಮೈಸೂರಿನಲ್ಲಿ ಪಲಾವ್ ಬೆಳಗಿನ ತಿಂಡಿ. ಹೊರಗಿನವರಿಗೆ ಆಶ್ಚರ್ಯ, ನಮಗೆ ಅಭ್ಯಾಸ. ನಮ್ಮ ಮಂಡಿ ಮೊಹಲ್ಲಾದ ಹನುಮಂತು ಹೋಟೆಲ್‌ಗೆ ಭಾನುವಾರ ಬೆಳಿಗ್ಗೆ ಭಾವಮೈದನನ್ನು ಕಳಿಸಿ. ಮಟನ್ ಪಲಾವ್. ಎಂಟು, ಎಂಟೂವರೆ ಒಳ್ಳೆ ಹೊತ್ತು. ಹಂಡೆ ಆಗಷ್ಟೇ ತೆರೆದಿದ್ದರೆ ಅಕ್ಕಿ ಬಿಡಿಬಿಡಿಯಾಗಿ, ಮಾಂಸದ ರಸ ಹೀರಿಕೊಂಡು ಹೊಳೆಯುತ್ತಿರುತ್ತದೆ. ತಡವಾಗಿ ಹೋದರೆ ತಳದ್ದು ಸಿಗುತ್ತದೆ, ಒಣಗಿರುತ್ತದೆ.

ಮಧ್ಯಾಹ್ನ ಎಲ್ಲರೂ ಒಂದೇ ಕಡೆ ಕೂರಬೇಕು ಅಂದರೆ ಗಾಂಧಿ ಸ್ಕ್ವೇರ್‌ನ ಆರ್‌ಆರ್‌ಆರ್. ಆಂಧ್ರ ಶೈಲಿ, ಬಾಳೆ ಎಲೆ ಊಟ, ಬಿರಿಯಾನಿಯೂ ಇದೆ. ಒಂದು ಗಂಟೆಯ ನಂತರ ಜಾಗಕ್ಕೆ ಕಾಯಬೇಕು, ಹನ್ನೆರಡೂವರೆಗೇ ಹೋಗಿಬಿಡಿ. ಖಾರ ಜಾಸ್ತಿ. ಅಮ್ಮನ ಎಲೆಗೆ ಮೊಸರು ಮೊದಲೇ ಹಾಕಿಸಿ.

ಗರಿಗರಿ ದೋಸೆಯವ:

ಮೈಲಾರಿ ಬಗ್ಗೆ ನನ್ನದು ಬೇರೆ ಅಭಿಪ್ರಾಯ. ಅದು ಮೆತ್ತಗಿನ ದೋಸೆ. ಕೆಂಪಗೆ ಕಾದ ದೋಸೆ ಬೇಕು ಅನ್ನುವವರಿಗೆ ಅಲ್ಲಿ ನಿರಾಸೆ. ಚಾಮುಂಡಿಪುರಂನ ಜಿಟಿಆರ್‌ಗೆ ಹೋಗಿ. ಗಾಯತ್ರಿ ಟಿಫಿನ್ ರೂಮ್ ಅಂತ ಪೂರ್ತಿ ಹೆಸರು. ಹಳೆಯ ಕಾಲದ ಹೋಟೆಲ್, ದೋಸೆಗೆ ಬಣ್ಣವೂ ಇದೆ, ಪಲ್ಯವೂ ಇದೆ. ಎರಡು ದಿನದಲ್ಲಿ ಒಂದೇ ಸಲ ದೋಸೆ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಅಗ್ರಹಾರದ ಮಗಳು:

ಜಿಟಿಆರ್ ನನಗೂ ಇಷ್ಟ. ನಮ್ಮ ಅಗ್ರಹಾರದಿಂದ ನಡೆದು ಹೋಗುವ ದೂರ, ಪರೀಕ್ಷೆ ಮುಗಿದ ದಿನ ಅಪ್ಪ ಕರೆದುಕೊಂಡು ಹೋಗುತ್ತಿದ್ದರು. ಆದರೆ ಅವರ ಅಮ್ಮ ನೆನಪಿಟ್ಟುಕೊಂಡಿರುವುದು ನಜರ್‌ಬಾದಿನ ಮೆತ್ತನೆ ದೋಸೆ. ಗರಿಗರಿ ದೋಸೆ ಶಿವಮೊಗ್ಗದಲ್ಲೂ ಸಿಗುತ್ತದೆ. ಮೊದಲು ಅದು ಆಗಲಿ. ಭಾನುವಾರ ಬೆಳಿಗ್ಗೆ ಭಾವಮೈದ ಪಲಾವ್‌ಗೆ ಹೋದಾಗ ನೀವು ಅಮ್ಮನ ಜೊತೆ ಚಾಮುಂಡಿಪುರಂಗೆ ಹೋಗಿ ನೋಡಿ. ಜನ ಜಾಸ್ತಿ ಇದ್ದರೆ ಕಾಯಬೇಡಿ, ಯಾವ ಬಡಾವಣೆಯಲ್ಲಾದರೂ ಇಡ್ಲಿ ಬಿಸಿಯಾಗಿ ಸಿಗುತ್ತದೆ.

ತುಂಗೆಯ ದಡದವ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಪ್ರಶ್ನೆ ಉಳಿದಿದೆ. ಅಮ್ಮ ನಂಜನಗೂಡು ರಸಬಾಳೆ ಕೇಳುತ್ತಿದ್ದಾರೆ, ದೇವರಾಜ ಮಾರುಕಟ್ಟೆಯಲ್ಲಿ ಸಿಗುತ್ತದಾ? ಮತ್ತೆ ಕಾಫಿ ಪುಡಿ ತೆಗೆದುಕೊಂಡು ಹೋಗಬೇಕು, ಹೇಗೆ ಕೇಳಬೇಕು?

ಅಗ್ರಹಾರದ ಮಗಳು:

ರಸಬಾಳೆ ಈಗ ಅಪರೂಪ. ಪನಾಮಾ ಸೊರಗು ರೋಗ ಬಂದು ತೋಟಗಳೇ ಹೋದವು. ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಹಣ್ಣು ಮಾತ್ರ ಕೈಗೆ ಸಿಗುವುದು ಕಷ್ಟ. ಬಾಳೆಹಣ್ಣಿನ ಸಾಲಿನಲ್ಲಿ ಕೇಳಿ ನೋಡಿ, ಸಿಕ್ಕರೆ ಅದೃಷ್ಟ. ಇಲ್ಲದಿದ್ದರೆ ಏಲಕ್ಕಿ ಬಾಳೆ ತನ್ನಿ. ಮಾರುಕಟ್ಟೆಗೆ ಬೆಳಿಗ್ಗೆಯೇ ಹೋಗಿ. ಮೈಸೂರು ಮಲ್ಲಿಗೆ ಮೊಗ್ಗಾಗಿರುವಾಗಲೇ ಅಮ್ಮನಿಗೆ ಒಂದು ಮೊಳ ಕೊಡಿಸಬಹುದು. ಮೈಸೂರು ವೀಳ್ಯದೆಲೆಯೂ ಒದ್ದೆ ಬಟ್ಟೆಯೊಳಗೆ ಹಾಗೇ ಇರುತ್ತದೆ. ಊಟ ಆದ ಮೇಲೆ ಹಾಕಿಕೊಳ್ಳುವವರಾದರೆ ಒಂದು ಕಟ್ಟು ತೆಗೆದುಕೊಳ್ಳಿ. ಎಲೆ ಮೃದು, ಖಾರ ಕಮ್ಮಿ.

ಕಾಫಿ ಪುಡಿಯನ್ನು ಬೀಜ ಹುರಿದು ಎದುರಿಗೇ ಪುಡಿ ಮಾಡುವ ಅಂಗಡಿಯಲ್ಲಿ ತೆಗೆದುಕೊಳ್ಳಿ. ಅಪ್ಪ ರೈಲ್ವೆ ವರ್ಕ್‌ಶಾಪ್‌ನಲ್ಲಿದ್ದರು. ಸಂಬಳದ ಮರುದಿನ ನನ್ನ ಕೈ ಹಿಡಿದುಕೊಂಡು ಪುಡಿ ಅಂಗಡಿಗೆ ಹೋಗುತ್ತಿದ್ದರು. ಮಿಷನ್‌ನಿಂದ ಬಿದ್ದ ಪುಡಿಯನ್ನು ಕಂದು ಕಾಗದದ ಪೊಟ್ಟಣಕ್ಕೆ ತುಂಬಿ ಕೊಟ್ಟಾಗ ಅದು ಬೆಚ್ಚಗೆ ಇರುತ್ತಿತ್ತು. ಮನೆ ತಲುಪುವವರೆಗೂ ಎದೆಗೆ ಒತ್ತಿಕೊಂಡು ಬರುತ್ತಿದ್ದೆ. ಆ ದಿನ ನನ್ನ ಫ್ರಾಕ್ ಎಲ್ಲ ಕಾಫಿ ವಾಸನೆ.

ಕೇಳುವ ರೀತಿ ಹೀಗೆ: "80 ಕಾಫಿ, 20 ಚಿಕೋರಿ, ಫಿಲ್ಟರ್‌ಗೆ." ಚಿಕೋರಿ ಅಂದರೆ ಕಾಫಿಗೆ ಬೆರೆಸುವ, ಹುರಿದ ಒಂದು ಬೇರಿನ ಪುಡಿ. ಗಟ್ಟಿ ಬಣ್ಣ, ಸ್ವಲ್ಪ ಕಹಿ ಬೇಕಾದರೆ 70:30. ಚಿಕೋರಿ ಬೇಡವೇ ಬೇಡ ಅನ್ನುವವರಿಗೆ ಪ್ಯೂರ್. ಪ್ಯಾಕೆಟ್ ಪುಡಿ ಕೊಂಡರೆ ಹಿಂದೆ ಓದಿ. ಚಿಕೋರಿ ಎಷ್ಟು ಅಂತ ಬರೆಯಲೇಬೇಕು, 49 ಪರ್ಸೆಂಟ್‌ವರೆಗೆ ಹಾಕಲು ಕಾನೂನು ಬಿಡುತ್ತದೆ. ಅಂದರೆ ಅರ್ಧದ ಹತ್ತಿರ ಹತ್ತಿರ ಬೇರು!

ತುಂಗೆಯ ದಡದವ (ಒಂದು ವಾರದ ನಂತರ):

ಹೋಗಿ ಬಂದೆವು. ಸೋಮವಾರ ಏಳೂಕಾಲಿಗೆ ನಜರ್‌ಬಾದ್. ಹತ್ತು ನಿಮಿಷದೊಳಗೆ ಜಾಗ ಸಿಕ್ಕಿತು. ಅಮ್ಮ ಮೊದಲ ತುತ್ತು ತಿಂದು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಹಾಸ್ಟೆಲಿನ ಮೂವರು ಗೆಳತಿಯರ ಹೆಸರು ಹೇಳಿದರು. ಆ ಹೆಸರುಗಳನ್ನು ನಾನು ಕೇಳಿದ್ದು ಅದೇ ಮೊದಲು. ಎದುರಿಗೆ ಕೂತಿದ್ದ ಅಪರಿಚಿತ ಅಜ್ಜಿಯ ಜೊತೆ ಮಾತಿಗೆ ಶುರು ಮಾಡಿ ಎರಡನೇ ದೋಸೆಯನ್ನೂ ತರಿಸಿಕೊಂಡರು. ನಾನು ತಡೆಯಲಿಲ್ಲ. ಮಧ್ಯಾಹ್ನ ಅನ್ನ ಕಮ್ಮಿ ಮಾಡಿದರು.

ಭಾನುವಾರ ಜಿಟಿಆರ್‌ನಲ್ಲಿ ಜನ ತುಂಬಿದ್ದರು, ಇಡ್ಲಿ ತಿಂದೆವು. ಭಾವಮೈದ ಪಲಾವ್ ಬಗ್ಗೆ ಇನ್ನೂ ಮಾತಾಡುತ್ತಿದ್ದಾನೆ. ರಸಬಾಳೆ ಸಿಗಲಿಲ್ಲ. ಮೈಸೂರು ಪಾಕ್ ಚೂರು ನೋಡಿಯೇ ಕೊಂಡೆ, ನಾಲಿಗೆ ಮೇಲೆ ಕರಗಿತು. ಅಮ್ಮನಿಗೆ ಉಗುರಿನಷ್ಟು.

ಪುಡಿ ಅರ್ಧ ಕೆಜಿ ತಂದಿದ್ದೇವೆ, 80:20. ಫ್ರಿಜ್‌ನಲ್ಲಿ ಇಡಬೇಕಾ?

ಅಗ್ರಹಾರದ ಮಗಳು:

ಓದಿ ಕಣ್ಣು ತುಂಬಿತು. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಫ್ರಿಜ್ ಬೇಡ, ತೇವ ಹಿಡಿಯುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ, ಒಲೆಯಿಂದ ದೂರ ಇಡಿ. ಒಣ ಚಮಚ ಮಾತ್ರ. ಅರ್ಧ ಕೆಜಿ ಇಬ್ಬರಿಗೆ ಜಾಸ್ತಿಯೇ ಆಯಿತು, ಅರ್ಧವನ್ನು ಪಕ್ಕದ ಮನೆಯವರಿಗೆ ಈಗಲೇ ಕೊಟ್ಟುಬಿಡಿ. ಮುಂದಿನ ಸಲ ಕಾಲು ಕೆಜಿ ಸಾಕು.